ಕಾಣದ ದುಡಿಮೆಗೆ ಕರಾರು ಬರೆಯೋದು ಹೇಗೆ?

(ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ. ಸುತ್ತಲಿನ ಕೆಲವು ಬೆಳೆಗಾರರೂ ಬಂದಿದ್ದರು. ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲಿ ಬಿಡಿಸಿದ್ದೇನೆ.)

ಎರಡು ಅಂಕಿಗಳಿಂದ ಶುರು ಮಾಡೋಣ. 4.54 ಲಕ್ಷ ರೂಪಾಯಿ, 37.88 ಲಕ್ಷ ರೂಪಾಯಿ.

1972ರಲ್ಲಿ ಗುಜರಾತಿನಲ್ಲಿ ಎಚ್-4 ಅನ್ನೋ ತಳಿಯ ಹತ್ತಿಗೆ ಬೆಳೆ ವಿಮೆ ಬಂತು. ಆಮೇಲೆ ಶೇಂಗಾ, ಗೋಧಿ, ಆಲೂಗಡ್ಡೆಗೂ ಹಬ್ಬಿತು. ಕರ್ನಾಟಕವೂ ಸೇರಿ ಇನ್ನಷ್ಟು ರಾಜ್ಯಗಳಿಗೆ ಹೋಯಿತು. ನಿಯಮ ಸರಳವಾಗಿತ್ತು. ಒಬ್ಬೊಬ್ಬ ರೈತನ ಹೊಲವನ್ನೂ ನೋಡುವುದು, ಅವನಿಗೆ ಆದ ನಷ್ಟ ಅಳೆಯುವುದು, ಅಷ್ಟಕ್ಕೆ ಪರಿಹಾರ ಕೊಡುವುದು. 1978ರವರೆಗೆ ನಡೆದ ಈ ಯೋಜನೆಗೆ ಸೇರಿದ್ದು 3,110 ರೈತರು. ಅವರಿಂದ ಬಂದ ಪ್ರೀಮಿಯಂ 4.54 ಲಕ್ಷ. ಕೊಟ್ಟ ಪರಿಹಾರ 37.88 ಲಕ್ಷ. ಒಂದು ರೂಪಾಯಿ ತಗೊಂಡು ಎಂಟು ರೂಪಾಯಿಗೂ ಜಾಸ್ತಿ ಕೊಟ್ಟ ಹಾಗಾಯಿತು. ಯೋಜನೆ ನಿಂತುಹೋಯಿತು.

ರೈತರು ಮೋಸ ಮಾಡಿದರು ಅಂತ ಇದರಿಂದ ತೀರ್ಮಾನಿಸಬೇಡಿ. ಮಳೆ ಕೈಕೊಟ್ಟಿರಬಹುದು, ಹುಳ ಬಿದ್ದಿರಬಹುದು, ಪ್ರೀಮಿಯಂ ಲೆಕ್ಕವೇ ತಪ್ಪಿರಬಹುದು. ನಷ್ಟ ಗ್ಯಾರಂಟಿ ಅನ್ನಿಸಿದವರೇ ಹೆಚ್ಚಾಗಿ ವಿಮೆಗೆ ಸೇರಿರಬಹುದು. ಜೊತೆಗೆ, ಹೇಗೂ ವಿಮೆ ಇದೆಯಲ್ಲ ಅಂತ ಒಂದು ಸಲದ ಔಷಧಿ, ಒಂದು ಸಲದ ಕಳೆ ಕೈಬಿಟ್ಟಿರಲೂಬಹುದು. ಇವುಗಳಲ್ಲಿ ಯಾವುದರ ಪಾಲು ಎಷ್ಟು? ಹಾಳಾದ ಹೊಲದ ಬದುವಿನ ಮೇಲೆ ನಿಂತು ಅದನ್ನು ಹೇಳೋಕೆ ಯಾರಿಂದಲೂ ಆಗಲ್ಲ. ಬೆಳೆ ಹೋಗಿದ್ದು ಕಾಣುತ್ತೆ, ಯಾಕೆ ಹೋಯಿತು ಅನ್ನೋದು ಕಾಣಲ್ಲ. ಅರ್ಥಶಾಸ್ತ್ರದವರು ಮಾರಲ್ ಹಜಾರ್ಡ್ ಅಂತ ಕರೆಯುವುದು ಈ ಇಕ್ಕಟ್ಟನ್ನೇ. ದುಡಿಯುವವನು ಒಬ್ಬ, ದುಡ್ಡಿನ ಅಪಾಯ ಹೊರುವವನು ಇನ್ನೊಬ್ಬ. ದುಡಿಮೆ ಎಷ್ಟು ಅನ್ನೋದು ಎರಡನೆಯವನ ಕಣ್ಣಿಗೆ ಬೀಳುವುದಿಲ್ಲ.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಜಾಣತನದಿಂದ ಕರಾರು ಬರೆದರೂ ಆ ಕಾಣದ ದುಡಿಮೆಯ ಖರ್ಚು ಮಾಯವಾಗಲ್ಲ. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತೆ. ಯಾರ ಹೆಗಲಿಗೆ ಅನ್ನೋದನ್ನು ಸಾಲದಲ್ಲಿ, ವಿಮೆಯಲ್ಲಿ, ಸಂಘದಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಸಾಲ. ಪಠ್ಯಪುಸ್ತಕದಲ್ಲಿ ಇದನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯುತ್ತಾರೆ, ನಾವು ರೂಪಾಯಿಯಲ್ಲೇ ಮಾಡೋಣ. ಅಂಕಿಗಳು ನಾನೇ ಕಟ್ಟಿದ್ದು, ಲೆಕ್ಕ ಸುಲಭ ಆಗಲಿ ಅಂತ.

ಕೋಲಾರದ ಕಡೆಯ ಒಬ್ಬರು ಟೊಮೆಟೊ ಹಾಕಬೇಕು. 1,00,000 ರೂ. ಬೇಕು. ಬೆಳೆ ಕೈಹಿಡಿದರೆ 1,50,000 ರೂ. ಬರುತ್ತೆ, ಇಲ್ಲದಿದ್ದರೆ ಏನೂ ಇಲ್ಲ. ಹಗಲಿರುಳು ತೋಟದಲ್ಲೇ ಇದ್ದು ನೋಡಿಕೊಂಡರೆ ಹತ್ತರಲ್ಲಿ ಒಂಬತ್ತು ಸಲ ಬೆಳೆ ಕೈಹಿಡಿಯುತ್ತೆ. ಹಾಗಲ್ಲದೆ ಅರ್ಧ ಹೊತ್ತು ಹೊರಗೆ ಆಟೊ ಓಡಿಸೋಕೆ ಹೋದರೆ 20,000 ರೂ. ಬೇರೆ ಸಂಪಾದನೆ ಆಗುತ್ತೆ, ಆದರೆ ಬೆಳೆ ಕೈಹಿಡಿಯುವುದು ಹತ್ತರಲ್ಲಿ ಐದು ಸಲ ಮಾತ್ರ. ಆ 20,000 ಬ್ಯಾಂಕಿನ ಲೆಕ್ಕಕ್ಕೆ ಸಿಗುವ ದುಡ್ಡಲ್ಲ.

ತೋಟದಲ್ಲೇ ಇದ್ದರೆ ಸರಾಸರಿ 1,35,000 ರೂ. ಬರುತ್ತೆ, ಅಂದರೆ 35,000 ಲಾಭ. ಒಳ್ಳೆಯ ಯೋಜನೆ, ನಡೆಯಬೇಕು. ಗಮನ ಬಿಟ್ಟರೆ 75,000 ಜೊತೆಗೆ 20,000, ಒಟ್ಟು 95,000. ಹಾಕಿದ ದುಡ್ಡಿಗೂ ಸಾಲದು. ದುಡ್ಡು ಪೂರ್ತಿ ಅವರದ್ದೇ ಆಗಿದ್ದರೆ ಯಾವ ಗೊಂದಲವೂ ಇಲ್ಲ, ಅವರು ತೋಟ ಬಿಟ್ಟು ಕದಲುವುದಿಲ್ಲ.

ಈಗ ಪೂರ್ತಿ ಒಂದು ಲಕ್ಷ ಬ್ಯಾಂಕೇ ಕೊಟ್ಟಿತು ಅಂದುಕೊಳ್ಳಿ. ಲಾಭ ಬೇಡ, ಅಸಲು ಬಂದರೆ ಸಾಕು ಅಂತ ಬ್ಯಾಂಕು ಕೂತರೂ ಹತ್ತರಲ್ಲಿ ಒಂದು ಸಲದ ನಷ್ಟ ತುಂಬಿಕೊಳ್ಳೋಕೆ ಗೆದ್ದಾಗ 1,11,111 ರೂ. ಕೇಳಲೇಬೇಕು. ಗೆದ್ದ ರೈತನ ಕೈಯಲ್ಲಿ ಉಳಿಯುವುದು 38,889. ಅವರ ಕಡೆಯಿಂದ ಲೆಕ್ಕ ಹಾಕಿ. ತೋಟದಲ್ಲೇ ಇದ್ದರೆ ಸರಾಸರಿ 35,000. ಆಟೊ ಓಡಿಸಿದರೆ ಸುಮಾರು 19,444 ಜೊತೆಗೆ 20,000, ಅಂದರೆ 39,444. ಆಟೊನೇ ಮೇಲಾಯಿತು, ಅಲ್ವಾ? ಆಗ ಬ್ಯಾಂಕಿಗೆ ಸರಾಸರಿ ವಾಪಸ್ ಬರುವುದು 55,000 ಚಿಲ್ಲರೆ.

ನಷ್ಟ ಆಗುತ್ತೆ ಅಂತ ಬ್ಯಾಂಕು ಬಡ್ಡಿ ಏರಿಸಿದರೆ? ಗೆದ್ದಾಗ ರೈತನಿಗೆ ಉಳಿಯುವುದು ಇನ್ನೂ ಕಡಿಮೆ ಆಗುತ್ತೆ, ತೋಟದಲ್ಲಿ ಇರುವ ಆಸೆಯೂ ಕಡಿಮೆ ಆಗುತ್ತೆ. ಬಡ್ಡಿ ಏರಿದಷ್ಟೂ ಬ್ಯಾಂಕಿಗೇ ಪೆಟ್ಟು. ಬಾಕಿ ಮಾರುಕಟ್ಟೆಗಳಲ್ಲಿ ಕೊಳ್ಳುವವರು ಜಾಸ್ತಿಯಾದರೆ ಬೆಲೆ ಏರಿ ಸರಿಹೋಗುತ್ತೆ. ಸಾಲದ ಮಾರುಕಟ್ಟೆಯಲ್ಲಿ ಹಾಗಾಗಲ್ಲ. "ಎಷ್ಟು ಬಡ್ಡಿ ಆದರೂ ಕೊಡ್ತೀನಿ" ಅಂದವರನ್ನೂ ಬ್ಯಾಂಕು ವಾಪಸ್ ಕಳಿಸುತ್ತೆ. ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರೂ ವೈಸ್ 1981ರಲ್ಲಿ ಇದನ್ನು ಸಿದ್ಧಾಂತವಾಗಿ ಬರೆದರು. ಬ್ಯಾಂಕ್ ಮೆಟ್ಟಿಲು ಹತ್ತಿ ಇಳಿದವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು ಬಿಡಿ.

ಹಾಗಾದರೆ ಬ್ಯಾಂಕು ಎಷ್ಟು ಕೊಡಬಹುದು? ತೋಟದಲ್ಲೇ ಇರೋಕೆ ಗೆದ್ದಾಗ ರೈತನ ಕೈಯಲ್ಲಿ ಕನಿಷ್ಠ 50,000 ಉಳಿಯಬೇಕು. ಹತ್ತರಲ್ಲಿ ನಾಲ್ಕು ಸಲದಷ್ಟು ಗೆಲುವು ಹೆಚ್ಚುತ್ತೆ, 50,000ದ ಹತ್ತರಲ್ಲಿ ನಾಲ್ಕು ಪಾಲು 20,000, ಆಟೊ ದುಡ್ಡಿಗೆ ಸಮ. ಹಾಗಾಗಿ ಬ್ಯಾಂಕು ಗೆದ್ದಾಗ ಒಂದು ಲಕ್ಷಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಅದರ ಸರಾಸರಿ 90,000. ಸಾಲವೂ ಅಷ್ಟೇ. ಮಿಕ್ಕ 10,000 ರೈತನೇ ತರಬೇಕು. ಬ್ಯಾಂಕಿನವರು ಮಾರ್ಜಿನ್ ಮನಿ ಅಂತ ಕೇಳುವ ದುಡ್ಡು ಇದೇ. ಅದು ಸುಮ್ನೆ ಒಂದು ಶಾಸ್ತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ಈ ಲೆಕ್ಕದಲ್ಲಿ ನನಗೆ ಚುಚ್ಚುವ ಜಾಗ ಇದು. 10,000 ಇರುವವರಿಗೆ 90,000 ಸಿಗುತ್ತೆ. ಅಷ್ಟೇ ಚೆನ್ನಾಗಿ ದುಡಿಯಬಲ್ಲ, ಆದರೆ ಕೈಯಲ್ಲಿ 10,000 ಇಲ್ಲದವರಿಗೆ ಒಂದು ರೂಪಾಯಿಯೂ ಸಿಗಲ್ಲ. 35,000 ಲಾಭದ ಬೆಳೆ ನೆಲಕ್ಕೇ ಬರಲ್ಲ. ಅವರು ದುಡಿಯುತ್ತೇನೆ ಅಂತ ಎಷ್ಟು ಆಣೆ ಇಟ್ಟರೂ ಕರಾರಿನಲ್ಲಿ ಅದಕ್ಕೆ ಜಾಗ ಇಲ್ಲ. ಕಾಣದ ದುಡಿಮೆಯ ಖರ್ಚು ಇಲ್ಲಿ ಬಿದ್ದಿದ್ದು ಬಡವರ ಮೇಲೆ, ಅವರು ಸಾಲವನ್ನೇ ತಗೊಳ್ಳದೆ.

ದಾರಿ ಎರಡಿವೆ. ಒಂದು, ಅಡವು. ಚಿನ್ನ ಇಟ್ಟುಕೊಂಡವರಿಗೆ ನೀವು ತೋಟದಲ್ಲಿದ್ದೀರೋ ಆಟೊದಲ್ಲಿದ್ದೀರೋ ಬೇಕಾಗಿಲ್ಲ. ಅದಕ್ಕೇ ಚಿನ್ನದ ಸಾಲ ಅರ್ಧ ಗಂಟೆಯಲ್ಲಿ ಆಗೋದು. ಇನ್ನೊಂದು, ಕಣ್ಣಿಡುವುದು. ಊರಲ್ಲೇ ಇದ್ದು ಸಾಲ ಕೊಡುವವನು ದಿನಾ ತೋಟದ ಕಡೆ ಹಾದುಹೋಗುತ್ತಾನೆ. ಆಟೊ ಮನೆ ಮುಂದೆ ಇಲ್ಲದಿದ್ದರೆ ಕೇಳುತ್ತಾನೆ. ಅವನ ಕಣ್ಣು ತಪ್ಪಿಸಿ ಗಳಿಸಬಹುದಾದ್ದು 20,000ದಿಂದ 10,000ಕ್ಕೆ ಇಳಿಯಿತು ಅನ್ನಿ. ಆಗ ಗೆದ್ದಾಗ ರೈತನಿಗೆ 25,000 ಉಳಿದರೂ ಸಾಕು, 1,25,000ದವರೆಗೆ ಕೇಳಬಹುದು. ಪೂರ್ತಿ ಒಂದು ಲಕ್ಷ ಸಾಲ ಕೊಟ್ಟರೂ ಗಿಟ್ಟುತ್ತೆ. ಆದರೆ ಕಣ್ಣಿಡೋಕೆ ಅವನಿಗೂ ಖರ್ಚಿದೆ, ಅದೂ ಬಡ್ಡಿಗೇ ಸೇರುತ್ತೆ. ಬೆಂಗ್ಟ್ ಹೋಮ್‌ಸ್ಟ್ರೊಮ್ ಮತ್ತು ಜಾನ್ ತಿರೋಲ್ 1997ರಲ್ಲಿ ಕಟ್ಟಿದ ಮಾದರಿಯ ತಿರುಳು ಇದು. ಸ್ವಂತ ದುಡ್ಡು ಸಾಕಷ್ಟು ಇದ್ದವರು ಅಗ್ಗದ ಸಾಲಕ್ಕೆ ಹೋಗುತ್ತಾರೆ. ಸ್ವಲ್ಪ ಕಮ್ಮಿ ಇದ್ದವರು ಕಣ್ಣಿಡುವವರ ತುಟ್ಟಿ ಸಾಲಕ್ಕೆ. ತೀರಾ ಇಲ್ಲದವರಿಗೆ ಎರಡೂ ಇಲ್ಲ.

ಈಗ ವಿಮೆಗೆ ಬರೋಣ. ಇಲ್ಲಿ ನಮ್ಮ ಮೈಸೂರಿನ ಹೆಸರು ಬರುತ್ತೆ. ಇದು ಯಾಕೋ ನಮ್ಮ ತರಗತಿಗಳಲ್ಲಿ ಬರುವುದೇ ಇಲ್ಲ.

1979ರಲ್ಲಿ ಹೋಮ್‌ಸ್ಟ್ರೊಮ್ ಇನ್ನೊಂದು ಮಾತು ಹೇಳಿದ್ದರು. 2016ರಲ್ಲಿ ಆಲಿವರ್ ಹಾರ್ಟ್ ಜೊತೆ ಅವರಿಗೆ ನೊಬೆಲ್ ಬಂದಿದ್ದು ಇಂಥ ಕೆಲಸಕ್ಕೇ. ದುಡಿಮೆ ಕಾಣಲ್ಲ ಅಂತಾದರೆ, ದುಡಿಮೆಯ ಬಗ್ಗೆ ಒಂಚೂರಾದರೂ ಸುಳಿವು ಕೊಡುವ ಎಲ್ಲವನ್ನೂ ಕರಾರಿಗೆ ಸೇರಿಸಿ. ಇಳುವರಿ ಒಂದನ್ನೇ ನೋಡಿದರೆ ಮಳೆ ಮತ್ತು ದುಡಿಮೆ ಕಲಸಿಹೋಗಿರುತ್ತೆ. ಮಳೆಯನ್ನು ಬೇರೆ ಅಳೆದರೆ ರೈತನ ಕೈಯಲ್ಲಿಲ್ಲದ ಭಾಗ ಯಾವುದು ಅಂತ ಗೊತ್ತಾಗುತ್ತೆ. ಆ ಭಾಗಕ್ಕೆ ವಿಮೆ ಕೊಡಿ, ಮಿಕ್ಕಿದ್ದು ಅವರ ಜವಾಬ್ದಾರಿ.

ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ ಮಳೆ ವಿಮೆಯ ಯೋಜನೆ ಮುಂದಿಟ್ಟಿದ್ದು 1915ರಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಒಬ್ಬೊಬ್ಬರ ಬೆಳೆ ಅಳೆಯುವ ಗೋಜು ಬೇಡ, ಮಳೆಮಾಪಕ ನೋಡಿ. ಇಂತಿಷ್ಟಕ್ಕಿಂತ ಕಡಿಮೆ ಮಳೆಯಾದರೆ ಆ ಸೀಮೆಯ ವಿಮೆದಾರರಿಗೆಲ್ಲ ಪರಿಹಾರ. 1920ರಲ್ಲಿ ಅವರು ಇದನ್ನು ಪುಸ್ತಕವಾಗಿಯೂ ಹೊರತಂದರು. ಯೋಜನೆ ಜಾರಿಗೆ ಬರಲಿಲ್ಲ. ಮುಂದೆ 2003ರಲ್ಲಿ ಈಗಿನ ತೆಲಂಗಾಣದ ಮಹಬೂಬ್‌ನಗರದಲ್ಲಿ ಸಣ್ಣ ಸಾಲ ಕೊಡುವ ಬೇಸಿಕ್ಸ್ ಸಂಸ್ಥೆ ಮತ್ತು ವಿಮೆ ಕಂಪನಿ ಐಸಿಐಸಿಐ ಲೊಂಬಾರ್ಡ್ ಸೇರಿ ಶೇಂಗಾ, ಹರಳು ಬೆಳೆಗಾರರಿಗೆ ಮಳೆ ವಿಮೆ ಮಾರಿದಾಗ ಎಲ್ಲರೂ ಹೊಸ ಐಡಿಯಾ ಅಂದರು. ಗುಜರಾತಿನ ಎಚ್-4 ಯೋಜನೆ ಕೂಡ ಚಕ್ರವರ್ತಿಯವರ ಬರಹ ಬಂದು ಅರ್ಧ ಶತಮಾನ ಆದಮೇಲೆ ಅವರು ಬೇಡ ಅಂದ ದಾರಿಯಲ್ಲೇ ಹೊರಟಿತ್ತು.

ಎಚ್-4 ಪಾಠ ಕಲಿತ ಮೇಲೆ, 1985ರ ಬೆಳೆ ವಿಮೆ ಯೋಜನೆಯಿಂದ ಹಿಡಿದು 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆವರೆಗೆ, ನಮ್ಮ ದೇಶದಲ್ಲಿ ಲೆಕ್ಕಕ್ಕೆ ತಗೊಳ್ಳುವುದು ಮುಖ್ಯವಾಗಿ ಇಡೀ ಪ್ರದೇಶದ ಇಳುವರಿ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ರೈತ ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿ ತೆಗೆದು, ಅದರ ಶೇ. 70, 80 ಅಥವಾ 90ನ್ನು ಖಾತರಿ ಇಳುವರಿ ಅಂತ ಇಡುತ್ತಾರೆ. ಪಂಚಾಯಿತಿಯ ಇಳುವರಿ ಅದಕ್ಕಿಂತ ಎಷ್ಟು ಪಾಲು ಕಡಿಮೆಯೋ, ವಿಮಾ ಮೊತ್ತದ ಅಷ್ಟು ಪಾಲು ಎಲ್ಲರಿಗೂ.

ಉದಾಹರಣೆಗೆ, ರಾಗಿಗೆ ಖಾತರಿ ಇಳುವರಿ ಎಕರೆಗೆ 600 ಕೆ.ಜಿ., ಬಂದಿದ್ದು 450. ಕಾಲು ಪಾಲು ಕಡಿಮೆ. ವಿಮಾ ಮೊತ್ತ 20,000 ಆದರೆ ಎಕರೆಗೆ 5,000 ರೂ. ಎರಡು ಚೀಲ ಬೆಳೆದವರಿಗೂ ಅಷ್ಟೇ, ಎಂಟು ಚೀಲ ಬೆಳೆದವರಿಗೂ ಅಷ್ಟೇ. ಅನ್ಯಾಯ ಅನ್ನಿಸುತ್ತೆ. ಆದರೆ ಕರಾರಿನ ಕಣ್ಣಿಂದ ನೋಡಿದರೆ ಇದು ಬಹಳ ಸೊಗಸಾದ ಏರ್ಪಾಟು. ನೀವು ಕಳೆ ತೆಗೆದರೂ ತೆಗೆಯದಿದ್ದರೂ ಆ 5,000 ಬದಲಾಗಲ್ಲ. ಹಾಗಾಗಿ ಕಳೆ ತೆಗೆಯುವುದರಿಂದ ಬರುವ ಲಾಭ ಪೂರ್ತಿ ನಿಮ್ಮದೇ. ಯಾರೂ ನಿಮ್ಮ ಮೇಲೆ ಕಣ್ಣಿಡಬೇಕಾಗಿಲ್ಲ, ಪಕ್ಕದ ಹೊಲಗಳೇ ಆ ವರ್ಷದ ಮಳೆ ಹೇಗಿತ್ತು ಅಂತ ಸಾಕ್ಷಿ ಹೇಳುತ್ತವೆ.

ಹಾಗಾದರೆ ಖರ್ಚು ಎಲ್ಲಿಗೆ ಹೋಯಿತು? ಎರಡು ಕಡೆಗೆ.

ಮೊದಲನೆಯದು ತಕ್ಕಡಿಗೆ. ಪಂಚಾಯಿತಿಯ ಇಳುವರಿ ಗೊತ್ತಾಗುವುದು ಬೆಳೆ ಕಟಾವು ಪ್ರಯೋಗದಿಂದ. ಒಂದು ಪಂಚಾಯಿತಿಯಲ್ಲಿ ಒಂದು ಮುಖ್ಯ ಬೆಳೆಗೆ ನಾಲ್ಕು ತುಂಡು. ರಾಗಿಗಾದರೆ ಒಂದೊಂದು ತುಂಡು 5 ಮೀಟರ್ ಉದ್ದ, 5 ಮೀಟರ್ ಅಗಲ. ಚೀಟಿ ಎತ್ತಿದ ಹಾಗೆ ಸರ್ವೆ ನಂಬರ್ ಆರಿಸಿ, ಹೊಲದ ಮೂಲೆಯಿಂದ ಅಳೆದು, ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿನ ತೆನೆ ಮಾತ್ರ ಕೊಯ್ದು, ಬಡಿದು, ತೂರಿ, ತೂಗಬೇಕು. ಗೂಟ ಒಂದು ಅಡಿ ಆ ಕಡೆ ಹೋದರೆ ಏನಾಗುತ್ತೆ? ಲೆಕ್ಕ ಹಾಕಿ. ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರಲ್ಲಿ ಇಂಥ ತುಂಡು 162 ಹಿಡಿಸುತ್ತವೆ. ನಾಲ್ಕು ತುಂಡಿನಲ್ಲಿ ಒಂದರ ತೂಕ ಒಂದೇ ಕೆ.ಜಿ. ತಪ್ಪಿದರೂ ಪಂಚಾಯಿತಿಯ ಸರಾಸರಿ ಎಕರೆಗೆ 40 ಕೆ.ಜಿ. ಆಚೀಚೆ ಆಗುತ್ತೆ. ನಮ್ಮ ಉದಾಹರಣೆಯಲ್ಲಿ ಅದು ಎಕರೆಗೆ ಸುಮಾರು 1,350 ರೂ. ಪಂಚಾಯಿತಿಯಲ್ಲಿ ರಾಗಿಗೆ ವಿಮೆ ಮಾಡಿಸಿದ ಪ್ರತಿ ಎಕರೆಗೂ! ತೂಕ ಜಾಸ್ತಿ ಬಂದರೆ ವಿಮೆ ಕಂಪನಿಗೆ ಒಳ್ಳೆಯದು, ಕಡಿಮೆ ಬಂದರೆ ಊರಿಗೆ ಒಳ್ಳೆಯದು. ನಡುವೆ ಹಗ್ಗ ಹಿಡಿದು ನಿಂತಿರುವುದು ಬೇರೆ ನೂರು ಕೆಲಸ ಇರುವ ಒಬ್ಬ ಸಿಬ್ಬಂದಿ. ಹೊಲದಲ್ಲಿದ್ದ ಕಾಣದ ದುಡಿಮೆ ಈಗ ತೂಗುವವರ ಕೈಗೆ ಬಂತು. ಕರ್ನಾಟಕದಲ್ಲಿ ಈ ಪ್ರಯೋಗಗಳನ್ನು ಮೊಬೈಲ್ ಆ್ಯಪ್‌ನಲ್ಲಿ ದಾಖಲು ಮಾಡಿಸೋದು ಸುಮ್ನೆ ಅಲ್ಲ.

ಎರಡನೆಯದು ಬೆಳೆಗಾರನ ಮೇಲೇ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಚಕ್ರವರ್ತಿಯವರ ಯೋಚನೆಯ ಮೊಮ್ಮಗ ಅನ್ನಬಹುದು. ಕೊಳೆ ರೋಗ ಬರುವುದು ಬಿಡದೆ ಸುರಿಯುವ ಮಳೆಯಲ್ಲಿ. ನೀವು ಬೋರ್ಡೋ (ಕೊಳೆ ತಡೆಯುವ ಔಷಧಿ) ಹೊಡೆದಿದ್ದು ಒಂದು ಸಲವೋ ಮೂರು ಸಲವೋ ವಿಮೆ ಕಂಪನಿ ಕೇಳಲ್ಲ, ಮಳೆ ಎಷ್ಟಾಯಿತು ಅಂತಷ್ಟೇ ನೋಡುತ್ತೆ. ಹಾಗಾಗಿ ಬೋರ್ಡೋ ಹೊಡೆಯುವ ಉತ್ಸಾಹ ಉಳಿಯುತ್ತೆ. ಇಷ್ಟು ಚೆನ್ನಾಗಿದೆ. ಆದರೆ ಮಳೆ ಅಳೆಯುವುದು ಪಂಚಾಯಿತಿಯ ಮಾಪಕ, ತೋಟ ಇರುವುದು ಗುಡ್ಡದ ಆಚೆ ಬದಿಯಲ್ಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು ಇವೆ. ಇಷ್ಟು ದಟ್ಟವಾಗಿ ಇಟ್ಟಿರುವುದು ದೊಡ್ಡ ಕೆಲಸವೇ. ಆದರೂ ಘಟ್ಟದ ಮಳೆಗೆ ಪಂಚಾಯಿತಿ ಗಡಿ ಗೊತ್ತಿಲ್ಲ. ತಾನಾಗಿಯೇ ಅಳೆಯುವ ಮಾಪಕಗಳಲ್ಲಿ ಸಾಮಾನ್ಯವಾಗಿ ಆಲಿಕೆಯ ಕೆಳಗೆ ಎರಡು ಪುಟ್ಟ ಬಟ್ಟಲು ಇರುತ್ತವೆ. ಒಂದು ತುಂಬಿದ ಕೂಡಲೇ ಬಾಗಿ ನೀರು ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ. ಎಷ್ಟು ಸಲ ಬಾಗಿತು ಅನ್ನೋದೇ ಮಳೆಯ ಲೆಕ್ಕ. ಆಲಿಕೆಗೆ ಒಂದು ತರಗೆಲೆ ಸಿಕ್ಕಿಕೊಂಡರೆ, ಜೇಡ ಗೂಡು ಕಟ್ಟಿದರೆ, ಆ ವಾರ ದಾಖಲೆಯಲ್ಲಿ ಮಳೆಯೇ ಇಲ್ಲ.

ಅಂದರೆ ಮೋಸಕ್ಕೆ ಜಾಗ ಇಲ್ಲದ ವಿಮೆ ಬೇಕು ಅಂದಾಗ ಅದರ ಬೆಲೆಯನ್ನು ನಿಯತ್ತಾಗಿ ದುಡಿದು ಬೆಳೆ ಕಳಕೊಂಡವನು ಕೊಡುತ್ತಾನೆ. ಅವನ ನಷ್ಟ ನಿಜ, ಮಾಪಕ ಹೇಳುವುದು ಬೇರೆ. ಇದನ್ನು ಸಣ್ಣ ತಾಂತ್ರಿಕ ದೋಷ ಅನ್ನುವವರನ್ನು ನಾನು ಒಪ್ಪಲ್ಲ. ವಿಮೆ ಬೇಕಾಗಿರುವುದೇ ಕೆಟ್ಟ ವರ್ಷಕ್ಕೆ. ಪ್ರೀಮಿಯಂ ಕಟ್ಟಿ, ಬೆಳೆಯೂ ಹೋಗಿ, ಪರಿಹಾರವೂ ಬರದಿದ್ದರೆ ಅವನು ವಿಮೆ ಇಲ್ಲದವನಿಗಿಂತ ಕೆಳಗೆ ಇಳಿದ. ಫಸಲ್ ಬಿಮಾದಲ್ಲಿ ಆಲಿಕಲ್ಲು, ಭೂಕುಸಿತ, ಹೊಲಕ್ಕೆ ನೀರು ನುಗ್ಗಿದಂಥ ನಷ್ಟಕ್ಕೆ 72 ಗಂಟೆಯೊಳಗೆ ತಿಳಿಸಿದರೆ ಆ ಹೊಲವನ್ನೇ ನೋಡಿ ಲೆಕ್ಕ ಹಾಕುತ್ತಾರೆ. ಯಾಕೆ ಆ ಗಡುವು ಅಂತ ಈಗ ನಿಮಗೇ ಹೊಳೆಯುತ್ತೆ. ಆಲಿಕಲ್ಲು ಹೊಡೆದ ಗುರುತು ಮೂರು ದಿನ ಹೊಲದಲ್ಲಿ ಇರುತ್ತೆ, ಆಮೇಲೆ ಯಾವುದರಿಂದ ಹೋಯಿತು ಅನ್ನೋ ಹಳೇ ಜಗಳ.

ಸಂಘದ ಸಾಲದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1980ರ ದಶಕದ ಮಧ್ಯದಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಕಟ್ಟಿದ ಸಣ್ಣ ಗುಂಪುಗಳಿಂದ ಕೃಷಿ, ಗ್ರಾಮೀಣ ಸಾಲದ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಪಾಠ ಕಲಿತು, 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಅಲ್ಲಿ ಗುಂಪಿನವರು ತಾವೇ ಉಳಿಸಿ, ತಾವೇ ನಿರ್ಧರಿಸಿ ಸಾಲ ಕೊಟ್ಟುಕೊಳ್ಳುತ್ತಾರೆ. ಮೈಕ್ರೋಫೈನಾನ್ಸ್ ಕಂಪನಿಗಳ ಗುಂಪು ಬೇರೆ ಥರ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆಟೊ ಮನೆ ಮುಂದೆ ಇದೆಯೋ ಇಲ್ಲವೋ ಪಕ್ಕದ ಮನೆಯವಳಿಗೆ ಗೊತ್ತಿರುತ್ತೆ ಅನ್ನುವುದು ಲೆಕ್ಕಾಚಾರ. ಕಂಪನಿಯ ಕಣ್ಣಿಡುವ ಖರ್ಚು ಹೀಗೆ ಪಕ್ಕದ ಮನೆಗೆ ದಾಟಿತು, ಸಂಬಳ ಇಲ್ಲದೆ. ಫಿಲಿಪ್ಪೀನ್ಸ್‌ನ ಒಂದು ಬ್ಯಾಂಕು ಗುಂಪಿನ ಹೊಣೆಯನ್ನೇ ತೆಗೆದುಹಾಕಿ ನೋಡಿತು. ಬಾಕಿ ಜಾಸ್ತಿಯಾಗಲಿಲ್ಲ. ಹಾಗಾದರೆ ನೆರೆಯವಳ ಮೇಲೆ ಇಷ್ಟು ಭಾರ ಹಾಕಬೇಕಿತ್ತಾ ಅನ್ನೋ ಪ್ರಶ್ನೆ ನಮ್ಮಲ್ಲಿ ಸಾಕಷ್ಟು ಗಟ್ಟಿಯಾಗಿ ಕೇಳಲೇ ಇಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸಾಲ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಿರುಕುಳ ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಲೆಕ್ಕವನ್ನು ನೆನಪಿಟ್ಟುಕೊಂಡವರು ಇನ್ನೊಂದನ್ನೂ ಕೇಳಬೇಕು: ಅಡವಿಲ್ಲದ, 10,000 ಇಲ್ಲದವರಿಗೆ ಇನ್ನು ಮುಂದೆ ಯಾರು, ಯಾವ ಧೈರ್ಯದ ಮೇಲೆ ಸಾಲ ಕೊಡುತ್ತಾರೆ?

ಕೊನೆಗೆ ಸಭೆಯಲ್ಲಿ ಒಬ್ಬ ಬೆಳೆಗಾರರು ಕೇಳಿದರು: "ಉಪಗ್ರಹದಿಂದ ಎಲ್ಲಾ ಕಾಣುತ್ತಲ್ಲ ಸಾರ್, ಇನ್ನು ಹಗ್ಗ, ಗೂಟ ಯಾಕೆ?"

ಅರ್ಧ ನಿಜ. ಫಸಲ್ ಬಿಮಾದಲ್ಲಿ 2023ರ ಮುಂಗಾರಿನಿಂದ ಭತ್ತ, ಗೋಧಿಗೆ ಉಪಗ್ರಹದಂಥ ತಂತ್ರಜ್ಞಾನದಿಂದ ಬಂದ ಇಳುವರಿ ಅಂದಾಜಿಗೆ ಶೇ. 30ರಷ್ಟು ತೂಕ ಕೊಡುತ್ತಿದ್ದಾರೆ. ಹೋಮ್‌ಸ್ಟ್ರೊಮ್ ಹೇಳಿದ್ದೂ ಅದನ್ನೇ, ಸಿಕ್ಕ ಸುಳಿವನ್ನೆಲ್ಲ ಸೇರಿಸಿ ಅಂತ. ಆದರೆ ಗೂಟ ಸರಿದಿದ್ದು ಊರಿನವರ ಕಣ್ಣಿಗೆ ಬೀಳುತ್ತೆ. ಉಪಗ್ರಹದ ಲೆಕ್ಕ ತಪ್ಪಿದ್ದು ಬೀಳಲ್ಲ. ರೈತ ಪರೀಕ್ಷಿಸೋಕೆ ಆಗದ ಅಂಕಿಯ ಮೇಲೆ ಪರಿಹಾರ ನಿಂತರೆ, ಈಗ ಕಾಣದೆ ದುಡಿಯುವವನು ಲೆಕ್ಕ ಹಾಕುವ ಕಂಪನಿಯವನು. ನನ್ನ ಕೈಯಲ್ಲಿ ಇದ್ದಿದ್ದರೆ ನಾಲ್ಕು ತುಂಡುಗಳ ಸರ್ವೆ ನಂಬರ್, ತೂಕ, ಕಟಾವಿನ ಫೋಟೊ, ಜೊತೆಗೆ ಉಪಗ್ರಹದ ಅಂದಾಜು, ಇಷ್ಟನ್ನೂ ಕಟಾವಾದ ವಾರದೊಳಗೆ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು ಅಂತ ನಿಯಮ ಮಾಡುತ್ತಿದ್ದೆ. ತಕರಾರು ಎತ್ತೋಕೆ ಹದಿನೈದು ದಿನ ಸಮಯ ಕೊಡುತ್ತಿದ್ದೆ. ಮಳೆಮಾಪಕದ ದಿನದಿನದ ಲೆಕ್ಕಕ್ಕೂ ಇದೇ ನಿಯಮ.